ಸಾಹೇಬರ ‘ಹೌದಾ?’

ಆ ನಿಘಂಟು ಕಚೇರಿಯಲ್ಲಿ ಪದಕ್ಕೆ ಅರ್ಥ ಬರೆದವರು ಎದ್ದು ನಿಂತು ಗಟ್ಟಿಯಾಗಿ ಓದಬೇಕಿತ್ತು. ಮೇಜಿನ ತುದಿಯಲ್ಲಿ ಕೂತ ಪ್ರಧಾನ ಸಂಪಾದಕ ಸಾಹೇಬರು ಸರಿ, ತಪ್ಪು ಎನ್ನುವ ಗೊಡವೆಗೇ ಹೋಗುತ್ತಿರಲಿಲ್ಲ. ಹೋಗಲು ಅರ್ಥ ಗೊತ್ತಿರಬೇಕಲ್ಲ. ಕನ್ನಡಕ ತೆಗೆದು ಗಾಜು ಒರೆಸುತ್ತಾ “ಹೌದಾ?” ಎನ್ನುತ್ತಿದ್ದರು. ಆಮೇಲೆ ತುಟಿ ಬಿಚ್ಚುತ್ತಿರಲಿಲ್ಲ. ನಿಂತವರು ಬರೆದದ್ದನ್ನು ತಾವೇ ಹೊಡೆದು ತಿದ್ದುತ್ತಿದ್ದರು.

ಹೀಗೆಯೇ ತಲೆ ನರೆತ ಸಹಾಯಕರೊಬ್ಬರು ‘ಉಗುರುಬೆಚ್ಚಗೆ’ ಎಂದರೆ ತುಸು ಬಿಸಿ ಎಂದು ಓದಿ, ಆ ಒಂದು ಪ್ರಶ್ನೆಗೆ ಹೆದರಿ, ‘ಬಹಳ ಬಿಸಿ’ ಎಂದು ತಿದ್ದಿಕೊಂಡರು. ಈ ನಿಘಂಟನ್ನು ನಂಬಿ ಸ್ನಾನ ಮಾಡಿದವರ ಚರ್ಮ ಸುಲಿಯುವುದು ಖಂಡಿತ. ಸಾಹೇಬರಿಗೆ ಮಾತ್ರ ಮಹಾ ಪಂಡಿತರೆಂಬ ಹೆಸರು.

ಕಿರಿಯ ಸಂಪಾದಕಿಯೂ ಒಮ್ಮೆ ಹಾಗೆ ತನ್ನ ಸರಿಯಾದ ಅರ್ಥವನ್ನು ತಾನೇ ಹೊಡೆದುಹಾಕಿ, ಮನೆಗೆ ಹೋಗಿ ಬಚ್ಚಲಲ್ಲಿ ಅತ್ತಿದ್ದಳು. ಸಾಹೇಬರಿಗಿಂತ ತನ್ನ ಮೇಲೇ ಅವಳಿಗೆ ಹೆಚ್ಚು ಅಸಹ್ಯವಾಗಿತ್ತು. ಈಗ ಅವಳ ಪಾಲಿಗೆ ‘ತಬ್ಬಿಬ್ಬು ಮಾಡು’ ಬಂದಿತ್ತು.

“ಕರಾರು ಮುಗಿಯೋ ತಿಂಗಳು ಕಣಮ್ಮ. ಅವರೇನಂದ್ರೂ ತಲೆ ಆಡಿಸ್ಬಿಡು,” ಎಂದು ಅತ್ತೆ ಬೆಳಿಗ್ಗೆ ಹೇಳಿ ಕಳಿಸಿದ್ದರು. ಕರಾರಿಗೆ ಸಹಿ ಹಾಕುವವರು ಸಾಹೇಬರೇ. ಮನೆಯಲ್ಲಿ ಬರುತ್ತಿದ್ದುದು ಅವಳೊಬ್ಬಳ ಸಂಬಳ.

ಅವಳು ಎದ್ದು ನಿಂತು ಓದಿದಳು. “ತಬ್ಬಿಬ್ಬು ಮಾಡು: ಒಬ್ಬರ ಮನಸ್ಸಿನ ಸ್ತಿಮಿತ ಕೆಡಿಸು, ಸರಿಯಾಗಿದ್ದವರಿಗೂ ತಾವು ತಪ್ಪೇನೋ ಅನ್ನಿಸುವಂತೆ ಮಾಡು. ಪ್ರಯೋಗ: ಏನೂ ತಿಳಿಯದ ಯಜಮಾನರು ಕನ್ನಡಕ ಒರೆಸುತ್ತಾ ‘ಹೌದಾ?’ ಎಂದು ಕೇಳಿ ಎಲ್ಲರನ್ನೂ ತಬ್ಬಿಬ್ಬು ಮಾಡಿದರು.”

ಸಾಹೇಬರ ಕೈಯಲ್ಲಿ ಆಗಲೇ ಕನ್ನಡಕವಿತ್ತು. ಅಭ್ಯಾಸಬಲದಿಂದ ಬಾಯಿ ತೆರೆಯಿತು. “ಹೌ...” ಎಂದವರು ಅಲ್ಲಿಗೇ ನಿಂತರು. ಕನ್ನಡಕವನ್ನು ಮೂಗಿಗೇರಿಸಿ, ಮತ್ತೆ ತೆಗೆದು, ಕೊನೆಗೆ ಜೇಬಿಗೆ ತುರುಕಿಕೊಂಡರು. ನರೆತ ತಲೆಯ ಸಹಾಯಕರಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

“ಮುಂದಿನ ಪದ,” ಎಂದರು ಸಾಹೇಬರು, ಗೋಡೆ ನೋಡುತ್ತಾ.

ತಿಂಗಳ ಕೊನೆಗೆ ಅವಳ ಕರಾರು ಮುಗಿಯಿತು, ಮುಂದುವರಿಯಲಿಲ್ಲ. ಅತ್ತೆ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಅವಳು ಬೇರೆ ಕೆಲಸ ಹುಡುಕಿಕೊಂಡು ಬೀದಿ ಬೀದಿ ಅಲೆದಳು.

ನಿಘಂಟು ಅಚ್ಚಾಗಿ ಬಂದಾಗ ಅವಳು ಅಂಗಡಿಯಲ್ಲಿ ನಿಂತು ಆ ಪುಟ ತೆರೆದಳು. ಅರ್ಥ, ಪ್ರಯೋಗ ಎರಡೂ ಒಂದಕ್ಷರ ಬದಲಾಗದೆ ಹಾಗೇ ಇದ್ದವು. ಅದನ್ನು ತೆಗೆಸಬೇಕಿದ್ದರೆ ಸಾಹೇಬರು ಯಾಕೆಂದು ಬಾಯಿಬಿಟ್ಟು ಹೇಳಬೇಕಿತ್ತು.