ಖಾದರಸಾಬರ ಮರದ ತಲೆಗಳು

ಖಾದರಸಾಬರು ಎದುರಿಗೆ ಬಂದವರ ಮುಖ ನೋಡುತ್ತಿದ್ದುದು ಕಟ್ಟಕಡೆಗೆ. ಮೊದಲು ಅವರ ಕಣ್ಣು ಹೋಗುತ್ತಿದ್ದುದು ತಲೆಗೆ, ಹಣೆಯ ಅಗಲ, ನೆತ್ತಿಯ ಏರು, ಕಿವಿಯ ಮೇಲಿನ ತಗ್ಗು, ಹಿಂದಲೆಯ ಉಬ್ಬು ಎಲ್ಲವನ್ನೂ ಸಾವಕಾಶವಾಗಿ ಒಂದು ಸುತ್ತು ಹಾಕಿ ಬಂದ ಮೇಲೆಯೇ "ಬರ್ರಿ, ಆರಾಮ ಅದೀರಿ?" ಎಂಬ ಕುಶಲಪ್ರಶ್ನೆ. ಆಳಂದದ ಬಜಾರಿಗೆ ಹೊಸದಾಗಿ ಬಂದವರು ಇದನ್ನು ಸೊಕ್ಕು ಎಂದುಕೊಳ್ಳುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಈ ಮನುಷ್ಯ ಹೆಸರು ಮರೆತಾರು, ತಲೆ ಮರೆಯಲಾರರು ಎಂದು.

ಕಾಲರು ಸವೆದು ದಾರ ಬಿಟ್ಟ ಕಪ್ಪು ಕೋಟೊಂದು ಬೇಸಿಗೆಯ ಉರಿಯಲ್ಲೂ ಅವರ ಮೈಬಿಡುತ್ತಿರಲಿಲ್ಲ. ಅದರ ಕಿಸೆಯಲ್ಲಿ ಅಳತೆಗೆಂದು ಗಂಟು ಹಾಕಿದ ನೂಲು. ಕತ್ತನ್ನು ಮುಂದಕ್ಕೆ ಚಾಚಿ ನಡೆಯುವ ನಡಿಗೆ. ಖಜೂರಿಯ ಕಡೆಯಿಂದ ಬಂದ ಲಾರಿ ಬೆನ್ನ ಹಿಂದೆ ನಿಂತು ಹಾರ್ನು ಹೊಡೆದರೂ, ತಾವು ಹಿಡಿದ ದಾರಿ ತಮ್ಮದೇ ಎಂಬಂತೆ ಹೋಗುತ್ತಿದ್ದರು. ಊರವರು ಬೈದದ್ದುಂಟು, ನಕ್ಕದ್ದೂ ಉಂಟು. ಅವರಿಗೆ ಎರಡೂ ಒಂದೇ.

ಅವರ ಟೋಪಿ ಅಂಗಡಿಯ ಗೋಡೆಗುಂಟ ಮರದ ತಲೆಗಳ ಸಾಲು. ಕಾಲವಾದ ಬಡಿಗೇರ ಚಂದ್ರಾಮಪ್ಪ ಹದವಾಗಿ ಒಣಗಿದ ಜಾಲಿಯಲ್ಲಿ ಕಡೆದುಕೊಟ್ಟವು ಅವು. ದೊಡ್ಡವು, ಸಣ್ಣವು, ಕೋಲುತಲೆ, ಗುಂಡುತಲೆ. ಗಂಜಿಯಲ್ಲಿ ನೆನೆಸಿದ ಉಣ್ಣೆಬಟ್ಟೆಯನ್ನು ಅವುಗಳ ಮೇಲೆ ಎಳೆದು, ಅಂಚಿಗೆ ಹುರಿ ಬಿಗಿದು, ಇದ್ದಿಲ ಇಸ್ತ್ರಿಯಾಡಿಸಿ ನೆರಳಿಗಿಟ್ಟರೆ, ಮರ ನೀರನ್ನೆಲ್ಲ ತಾನು ಕುಡಿದು ಬಟ್ಟೆಗೆ ಆಕಾರವನ್ನು ಬಿಟ್ಟುಕೊಡುತ್ತಿತ್ತು. ಹಾಗೆ ಕುಡಿಯಬೇಕಾದರೆ ಆ ಮರಕ್ಕೆ ಎಣ್ಣೆ, ಬಣ್ಣ, ಮೇಣ ಯಾವುದೂ ಸೋಕಬಾರದು. ಖಾದರಸಾಬರು ಕೆಲಸ ಮುಗಿದ ಮೇಲೆ ಪ್ರತಿಯೊಂದು ತಲೆಯನ್ನೂ ಬರಿಯ ಅಂಗೈಯಿಂದ ಒರೆಸಿ ಇಡುತ್ತಿದ್ದರು. ಹಾಗೇಕೆ ಎಂಬುದನ್ನು ಮಾತ್ರ ಯಾರಿಗೂ ಹೇಳಿದವರಲ್ಲ.

ಇದೇ ಅವರ ಹಟ. "ಕೇಳಿದರ ಹೇಳ್ತೇನಿ. ಕೇಳದವನ ಕಿವ್ಯಾಗ ಹಾಕಿದ್ದು ಉಳಿಯಂಗಿಲ್ಲ" ಎನ್ನುತ್ತಿದ್ದರು. ಅವರಪ್ಪ ಕಲಿಸಿದ್ದೂ ಹಾಗೆಯೇ: ನೋಡು, ಮಾಡು, ಕೆಡಿಸು, ಕೇಳು. ಪತ್ನಿ ಮೆಹರಾಜಬೇಗಂ ಬಂದವರೆದುರಿಗೇ ಛೇಡಿಸುತ್ತಿದ್ದರು: "ಇವರ ಬಾಯಿಗೂ ಗಂಜಿ ಹಾಕಿ ಇಸ್ತ್ರಿ ಮಾಡ್ಯಾರ ನೋಡ್ರಿ."

ಟೋಪಿ ತೊಡುವ ತಲೆಗಳು ಒಂದೊಂದಾಗಿ ಮಣ್ಣಿಗೆ ಹೋಗಿ ಗಿರಾಕಿಗಳು ಕಡಿಮೆಯಾದ ಕಾಲಕ್ಕೆ, ಯಾರೋ ಮೊಬೈಲಿನಲ್ಲಿ ಹರಿಯಬಿಟ್ಟ ವಿಡಿಯೋ ನೋಡಿ ಹವ್ಯಾಸಿಗಳು ಬರತೊಡಗಿದರು. ಗೊಬ್ಬೂರಿನ ಒಬ್ಬ ಮಾಸ್ತರು, ಹವಳಗಾದ ಒಬ್ಬ ಗುಮಾಸ್ತ, ಹೀಗೆ. ಪ್ರತಿಯೊಬ್ಬರೂ ಒಂದೊಂದು ಟೋಪಿ ಮಾಡಿ, ಅದನ್ನಿಟ್ಟುಕೊಂಡು ಫೋಟೋ ತೆಗೆಸಿಕೊಂಡು, ಮತ್ತೆ ಆ ಕಡೆ ತಲೆಹಾಕಲಿಲ್ಲ. ಉಳಿದವನು ಒಬ್ಬನೇ, ಜೇವರ್ಗಿಯಲ್ಲಿ ಕನ್ನಡಕದ ಅಂಗಡಿಯಿಟ್ಟಿದ್ದ ಅಜಯಕುಮಾರ. ವರ್ಷಗಟ್ಟಲೆ ಆದಿತ್ಯವಾರ ತಪ್ಪಿಸದೆ ಬಂದ. ಕೈ ಕುದುರಿತು. ಆದರೆ ಅವನದು ಅತಿವಿನಯ. ಉಸ್ತಾದರಿಗೆ ಪ್ರಶ್ನೆ ಹಾಕುವುದೇ ಉದ್ಧಟತನವೆಂದು ಬಗೆದು, ಕಣ್ಣಿಗೆ ಕಂಡಷ್ಟನ್ನೇ ಕಲಿತ.

ಆಮೇಲೆ ಖಾದರಸಾಬರ ಬಲಗೈಗೆ ಲಕ್ವಾ ಹೊಡೆಯಿತು. ಅಂಗಡಿ ಮುಚ್ಚಿತು. ಮರದ ತಲೆಗಳನ್ನೆಲ್ಲ ಗೋಣಿಯಲ್ಲಿ ಸುತ್ತಿಸಿ ಅಜಯನ ಕೈಗೊಪ್ಪಿಸಿದ ದಿನ ಖಾದರಸಾಬರು ಅತ್ತರು. ಸುತ್ತಲಿನ ಮೂರು ತಾಲೂಕುಗಳಲ್ಲಿ ಆ ಕೆಲಸ ಇನ್ನು ಅವನೊಬ್ಬನ ಕೈಯಲ್ಲಿ ಬದುಕಬೇಕಿತ್ತು.

ಕೆಲವು ತಿಂಗಳಾದ ಮೇಲೆ ಅಜಯ ಟೋಪಿ ಕೆಲಸಕ್ಕೆಂದೇ ಮಾಡಿಸಿದ ತನ್ನ ಹೊಸ ಕೋಣೆ ತೋರಿಸಲು ಕರೆದ. ದಂಪತಿಗಳು ಬಸ್ಸು ಬದಲಿಸಿ ಜೇವರ್ಗಿಗೆ ಹೋದರು. ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತ ತಲೆಗಳು ಮಿರಿಮಿರಿ ಮಿಂಚುತ್ತಿದ್ದವು.

"ಹುಳ ಹತ್ತಬಾರ್ದಂತ ಅಗಸಿ ಎಣ್ಣ್ಯಾಗ ಮುಳುಗಿಸಿ ಇಟ್ಟಿದ್ದೆರಿ ಉಸ್ತಾದ್. ಚೆಂದ ಕುಡದಾವ," ಎಂದ ಅಜಯ, ಹಬ್ಬದ ಮುಖ ಮಾಡಿಕೊಂಡು.

ಖಾದರಸಾಬರು ಎಡಗೈಯಿಂದ ಒಂದನ್ನು ಮುಟ್ಟಿದರು. ಬೆರಳು ಮೂಸಿದರು. "ಚೆಂದ ಕಾಣಾಕತ್ತಾವ, ತಮ್ಮಾ," ಎಂದಷ್ಟೇ ಅಂದು ಕುರ್ಚಿಯಲ್ಲಿ ಕುಳಿತರು.

ಅಜಯ ಅವರೆದುರಿಗೇ ಆ ಕೋಣೆಯ ಮೊದಲ ಟೋಪಿಗೆ ಬಟ್ಟೆ ಎಳೆದ. ಎಳೆತ ಸರಿ, ಹುರಿ ಸರಿ, ಗಂಜಿಯ ಹದವೂ ಸರಿ. ಇಸ್ತ್ರಿ ತಾಗಿದ್ದೇ ತಡ, ಬಿಳಿಯ ಉಣ್ಣೆಯ ಮೇಲೆ ಹಳದಿ ಕಲೆಯೊಂದು ಒಳಗಿನಿಂದ ಎದ್ದು ಅಂಚಿನವರೆಗೂ ಹಬ್ಬಿತು. ಬೇರೆ ತಲೆ ತಂದ, ಅದೂ ಹಾಗೆಯೇ. ಆಗ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅವನು ಕೇಳಿದ.

"ಯಾಕ್ರಿ ಉಸ್ತಾದ್, ಹಿಂಗ?"

"ಎಣ್ಣಿ. ಆ ಕಟ್ಟಿಗಿ ನೀರ ಕುಡೀಬೇಕು."

"ಉಜ್ಜಿ ತಗದರ ಹೋಗಂಗಿಲ್ಲೇನ್ರಿ?"

"ಉಜ್ಜಿದರ ತಲಿ ಸಣ್ಣದಾಗ್ತದ. ಎಣ್ಣಿ ಒಳಗ ಹೋಗ್ಯದ." ಹೊಸವನ್ನು ಕಡೆಯಲು ಚಂದ್ರಾಮಪ್ಪ ಇಲ್ಲ, ಇನ್ನೊಬ್ಬ ಬಡಿಗೇರನ ಪಕ್ಕದಲ್ಲಿ ನಿಂತು ತಿದ್ದಿಸಲು ತಮ್ಮ ಬಲಗೈಯೂ ಇಲ್ಲ. ಅದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಅಜಯ ಇಸ್ತ್ರಿ ಕೆಳಗಿಟ್ಟ. "ಮೊದಲಽ ಒಂದ ಮಾತ ಹೇಳಬೇಕಿತ್ತಲ್ರಿ," ಎಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಇದ್ದಿದ್ದರೆ ಮುದುಕರಿಗೆ ಹಗುರವಾಗುತ್ತಿತ್ತು. ಅವರು ಎದ್ದು, ಕಲೆ ಬಿದ್ದ ಬಟ್ಟೆ ಸರಿಸಿ, ಆ ತಲೆಯನ್ನು ಎಡ ಅಂಗೈಯಿಂದ ಒರೆಸಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಮೆಹರಾಜಬೇಗಂ ಛೇಡಿಸಲಿಲ್ಲ. ಕಿಟಕಿಯ ಆಚೆಗೆ ಮುಖ ಮಾಡಿ, "ಪ್ರೀತೀಲೆ ಹಾಳ ಮಾಡ್ಯಾನ್ರಿ ಅಂವ. ನೀವು ಬಾಯಿ ಮುಚ್ಚಿ ಹಾಳ ಮಾಡಿದ್ರಿ," ಎಂದರು. ಖಾದರಸಾಬರು ಮುಂದಿನ ಸೀಟಿನಲ್ಲಿ ಕುಳಿತವನ ತಲೆಯನ್ನು ಕೂಡ ನೋಡದೆ, ಕಣ್ಣು ಮುಚ್ಚಿಕೊಂಡು ಆಳಂದದವರೆಗೆ ಬಂದರು. ಇವತ್ತಿಗೂ ಯಾರಾದರೂ ಮಾತಾಡಿಸಲು ಹೋದರೆ ಅವರು ನೆಲ ನೋಡುತ್ತ ಮಾತಾಡುತ್ತಾರೆ.

ಕೈಯಲ್ಲಿ ವಿದ್ಯೆಯುಳ್ಳ ಇಂಥವರ ಮಿತಭಾಷೆಯನ್ನು ನಾವು ಗಾಂಭೀರ್ಯವೆಂದು ಕೊಂಡಾಡುತ್ತ ಬಂದಿದ್ದೇವೆ. ಕೈ ಬಿದ್ದುಹೋದ ದಿನ ಆ ಗಾಂಭೀರ್ಯ ಯಾವ ಕೆಲಸಕ್ಕೂ ಬರುವುದಿಲ್ಲ. ಬಲ್ಲವರು, ಕಲಿಯುವವನೇ ಕೇಳಲಿ ಎಂದು ಕಾಯುತ್ತಾರೆ, ಕೇಳಬೇಕಾದವರು ಗೌರವದಿಂದ ಸುಮ್ಮನಿರುತ್ತಾರೆ. ಇಬ್ಬರೂ ಒಳ್ಳೆಯವರೇ. ಆ ಎರಡು ಒಳ್ಳೆಯತನಗಳ ನಡುವೆ ವಿದ್ಯೆ ಸತ್ತುಹೋಗುತ್ತದೆ. ಬೈದು ಮನಸ್ಸು ಹಗುರ ಮಾಡಿಕೊಳ್ಳೋಣವೆಂದರೆ ಒಬ್ಬ ಕೆಟ್ಟವನೂ ಸಿಗುವುದಿಲ್ಲ.