ಗಾಳಿಗೆ ಅಡ್ಡ ಹಿಡಿದ ಶಾಲು

ಮದುವೆ ಹೆಣ್ಣಿನ ಗದ್ದ ಎತ್ತಿ, ಗಂಡಿನ ಕಾಲರ್ ಸರಿಮಾಡಿ, "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎಂದು ಗದರುತ್ತಲೇ ಆಯುಷ್ಯ ಕಳೆದ ಮನುಷ್ಯ ಸ್ಟುಡಿಯೋ ಯಜಮಾನರು. ಆದರೆ ವಸಂತ ಬಂತೆಂದರೆ ಸ್ಟುಡಿಯೋಗೆ ಬೀಗ ಜಡಿದು, ಹಳೇ ನೀರಿನ ಟ್ಯಾಂಕಿನ ಹಿಂದಿನ ದಿಬ್ಬದಲ್ಲಿ ಬೋರಲು ಬಿದ್ದು ಕಾಡುಹೂಗಳ ಫೋಟೋ ತೆಗೆಯುತ್ತಿದ್ದರು. ಅಲ್ಲಿ ಅವರ ಕಾನೂನೇ ಬೇರೆ. ಹೂ ಕೀಳುವಂತಿಲ್ಲ, ನೀರು ಚಿಮುಕಿಸುವಂತಿಲ್ಲ, ಅಡ್ಡ ಬಂದ ಒಣಹುಲ್ಲನ್ನೂ ಸರಿಸುವಂತಿಲ್ಲ.

ಮದುವೆಯಾದ ಹೊಸದರಲ್ಲಿ ಅವರ ಹೆಂಡತಿ, ಪಾಪ, ಸಹಾಯ ಮಾಡೋಣವೆಂದು ಒಂದು ನೀಲಿ ಹೂವನ್ನು ಹೊಲಿಗೆ ದಾರದಿಂದ ಕಡ್ಡಿಗೆ ಕಟ್ಟಿದ್ದಳು, ಗಾಳಿಗೆ ಅಲ್ಲಾಡದಿರಲಿ ಅಂತ. ಎಲ್ಲಿತ್ತೋ ಆ ಸಿಟ್ಟು! "ಅಲ್ಲಾಡೋದು ಅದರ ಸ್ವಭಾವ ಕಣೇ! ಇದ್ದ ಹಾಗೆ ಇರೋಕೆ ಬಿಡು!" ಎಂದು ದಾರ ಕಿತ್ತೆಸೆದಿದ್ದರು. ಅಂದಿನಿಂದ ಆಕೆ ಗಾಳಿಗೆ ಅಡ್ಡವಾಗಿ ಶಾಲು ಹಿಡಿದು ನಿಲ್ಲುವುದು, ಅವರು ಉಸಿರು ಬಿಗಿಹಿಡಿದು ಕಾಯುವುದು. ಒಂದೇ ಹೂವಿಗೆ ಇಡೀ ಮಧ್ಯಾಹ್ನ ಹೋಗುತ್ತಿತ್ತು. ತೋಳು ಬಿದ್ದುಹೋಗುವಷ್ಟು ನೋಯುತ್ತಿತ್ತು, ನಿಜ. ಆದರೂ ಆ ದಿನಗಳನ್ನು ನೆನೆದರೆ ಆಕೆಗೆ ಈಗಲೂ ಜೀವ ತಂಪಾಗುತ್ತದೆ.

ಈ ವರ್ಷ ನಡುಕ ಅವರ ಕೈಗೇ ಬಂದಿತ್ತು. ಚಳಿಗಾಲದಲ್ಲಿ ಶುರುವಾದದ್ದು ಯಾವ ಔಷಧಿಗೂ ಜಗ್ಗಿರಲಿಲ್ಲ. "ಇವತ್ತು ಒಂದಾದ್ರೂ ಫೋಟೋ ನೆಟ್ಟಗೆ ಬರ್ಲಿಲ್ಲ ಅಂದ್ರೆ ಕ್ಯಾಮೆರಾ ಅಳಿಯಂಗೆ ಕೊಟ್ಟುಬಿಡ್ತೀನಿ" ಎಂದು ಮನೆಯಲ್ಲೇ ಹೇಳಿ ಹೊರಟಿದ್ದರು. ಆಕೆ ಶಾಲು ಎತ್ತಿಕೊಂಡು ಹಿಂದೆಯೇ ಹೊರಟಿದ್ದಳು. ಕ್ಯಾಮೆರಾ ಹೋದರೆ ಈ ಮನುಷ್ಯ ಗೋಡೆ ನೋಡುತ್ತ ಕೂರುವುದು ಖಂಡಿತ.

ದಿಬ್ಬದ ಮೇಲೆ ಗಾಳಿಯ ಸುಳಿವೇ ಇಲ್ಲ. ಹೇಳಿದ ಮಾತು ಕೇಳುವ ಮದುವೆ ಹೆಣ್ಣಿನ ಹಾಗೆ ನೀಲಿ ಹೂ ನಿಂತಿತ್ತು. ಆದರೂ ತೆಗೆದ ಫೋಟೋಗಳೆಲ್ಲ ಮಸುಕು. ಕೊನೆಗೆ ಅವರು ಕ್ಯಾಮೆರಾವನ್ನು ಆಕೆಯ ಮಡಿಲಿಗೆ ಹಾಕಿದರು. ಗಾಳಿಯೂ ಆಗಲೇ ಏಳಬೇಕೇ!

"ನೀನೇ ತೆಗಿ. ನಾನು ಶಾಲು ಹಿಡೀತೀನಿ."

ಹಿಡಿದದ್ದೇನೋ ಸರಿ, ಕೈನಡುಕಕ್ಕೆ ಶಾಲು ಬೀಸಣಿಗೆಯಾಯಿತು. ಹೂವಿನ ಗತಿ ಕೇಳಬೇಡಿ!

"ರೀ, ನೀವು ಗಾಳಿ ತಡೀತಿದ್ದೀರೋ, ಹಾಕ್ತಿದ್ದೀರೋ?"

ಅವರಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬಂದ ನಗು. ಹೂಗಳ ಪಕ್ಕದಲ್ಲೇ ಕುಕ್ಕರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಕೆ ಕ್ಯಾಮೆರಾ ಅವರತ್ತ ತಿರುಗಿಸಿ ಗುಂಡಿ ಒತ್ತಿದಳು.

ಪರದೆಯಲ್ಲಿ ನೋಡಿದರೆ ಕಾಲರ್ ಒಂದು ಕಡೆ ಮಡಚಿದೆ, ತಲೆಯಲ್ಲಿ ಒಣಹುಲ್ಲು. ಮುಖ ಚೆನ್ನಾಗಿ ಬಂದಿದೆ, ಶಾಲು ಹಿಡಿದ ಕೈಗಳು ಮಾತ್ರ ಮಸುಕು.

"ಅಳಿಸು ಅದನ್ನ" ಅಂದರು. ನಗು ಹೋಗಿತ್ತು. "ಕೈ ಅಲ್ಲಾಡಿದೆ."

"ಅಲ್ಲಾಡ್ಲಿ ಬಿಡ್ರಿ. ಇದ್ದ ಹಾಗೆ ಇರೋಕೆ ಬಿಡಿ. ಅವತ್ತು ದಾರ ಕಿತ್ತೆಸೆದೋರು ನೀವೇ ಅಲ್ವಾ?"

ಅವರು ಬಹಳ ಹೊತ್ತು ಆ ಕೈಗಳನ್ನೇ ನೋಡಿದರು. ಆಮೇಲೆ ಕ್ಯಾಮೆರಾ ಇಸಿದುಕೊಂಡು, ಅದರ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ನರಳುತ್ತ ಮತ್ತೆ ಬೋರಲು ಮಲಗಿದರು.

"ಶಾಲು ಹಿಡಿ" ಅಂದರು. "ಸ್ವಲ್ಪ ಎಡಕ್ಕೆ."