ಎಡದೆತ್ತು

ಬತ್ತಲಗುಂಡಿನ ದಾರಿಯುದ್ದಕ್ಕೂ ಗುರುಸಾಮಿಯ ತುಟಿ ಅಲ್ಲಾಡುತ್ತಲೇ ಇತ್ತು. ಗಾಡಿ ಹೊಡೆಯುತ್ತಿದ್ದ ಮೂಕಯ್ಯ, ವರಸೆಯಲ್ಲಿ ಅವನಿಗೆ ಸೋದರಮಾವ, ಅಳಿಯನನ್ನು ‘ಮಾಪ್ಳೆ’ ಎಂದೇ ಕರೆಯುವವನು, ತಿರುಗಿ ನೋಡಿ ನಕ್ಕ.

“ಯಾರ್ ಕೂಡ ಮಾತು ಮಾಪ್ಳೆ? ಹೆಣ್ಣು ಗಿಣ್ಣು ನೋಡಿಟ್ಟಿದೀಯಾ?”

“ಎತ್ತಿನ ಕೂಡ, ಮಾಮಾ.”

“ನನ್ನ ಎತ್ತಿಗೆ ಇಂಗ್ಲೀಷು ತಿಳಿಯಲ್ಲಪ್ಪಾ. ಗಾಬರಿ ಮಾಡಬೇಡ.”

ಗುರುಸಾಮಿ ಕಂಬಂ ಕಾಲುವೆ ಕಚೇರಿಯ ಗುಮಾಸ್ತ. ಹಿಂದೆ ದಿಂಡಿಗಲ್ಲಿನಲ್ಲಿ ಹಗಲು ಹೊಗೆಸೊಪ್ಪಿನ ಮಂಡಿಯಲ್ಲಿ ದುಡಿದು, ಸಂಜೆ ಮುದಿ ಪಾದ್ರಿಯೊಬ್ಬರಲ್ಲಿ ಇಂಗ್ಲಿಷೂ ಲ್ಯಾಟಿನ್ನೂ ಕಲಿತಿದ್ದ. ಪಾದ್ರಿ ತೀರಿಕೊಂಡು ಆರು ವರ್ಷವಾಗಿತ್ತು. ಈಗ ಈ ಕಣಿವೆಯಲ್ಲಿ ಲ್ಯಾಟಿನ್ ಬಲ್ಲವರೆಂದರೆ ಅವನು, ಮತ್ತೆ ಅವನ ಇಂಜಿನಿಯರ್ ದೊರೆ. ಉಳುಮೆಯ ಮೇಲಿನ ಒಂದು ಹಳೆಯ ಲ್ಯಾಟಿನ್ ಪದ್ಯವನ್ನು ಎರಡು ವರ್ಷ ತಿದ್ದಿ ತಿದ್ದಿ ಇಂಗ್ಲಿಷ್ ಪದ್ಯ ಮಾಡಿದ್ದ. ದೊರೆ ನಾಳೆ ಕೊಡೈಕಾನಲ್ ಹತ್ತುವವರು, ಅಲ್ಲಿಂದ ವಿಲಾಯತಿಗೆ. ಮದರಾಸಿನ ಪತ್ರಿಕೆಯೊಂದರ ಸಂಪಾದಕರು ಅವರ ಗೆಳೆಯರು. ಇವತ್ತು ತೋರಿಸದಿದ್ದರೆ ಇನ್ನು ತೋರಿಸಲು ಯಾರೂ ಇಲ್ಲ.

ಮಧ್ಯಾಹ್ನ ಬತ್ತಲಗುಂಡಿನ ಬಂಗಲೆಯ ಜಗುಲಿಯಲ್ಲಿ ದೊರೆ ಅವನು ಕೊಟ್ಟ ಕಾಗದ ಹಿಡಿದು ಕೂತರು. ಮೊದಲು ಸುಮ್ಮನೆ ಕಣ್ಣಾಡಿಸುತ್ತಿದ್ದವರು ಕೊನೆಯ ಹಾಳೆಗೆ ಬಂದಾಗ ನೆಟ್ಟಗಾದರು.

“ಇದು! ನೊಗ ಇಳಿಸಿದ ಮೇಲೂ ಎತ್ತು ನಿಂತಲ್ಲೇ ನಿಂತಿದೆ, ಒಂಟಿಯಾಗಿ, ಬಿಟ್ಟುಹೋದವರ ದಾರಿ ಕಾಯುತ್ತ. ಇಷ್ಟು ಚಂದ ನನ್ನ ಶಾಲೆಯಲ್ಲಿ ಯಾರೂ ಮಾಡಿರಲಿಲ್ಲ. ಮದರಾಸಿಗೆ ನಾನೇ ಕಳಿಸುತ್ತೇನೆ.”

ಗುರುಸಾಮಿಯ ಕಿವಿ ಬಿಸಿಯಾಯಿತು. ಆರು ವರ್ಷದಲ್ಲಿ ಕೇಳಿದ ಮೊದಲ ಮೆಚ್ಚುಗೆ. ಆದರೆ ಲ್ಯಾಟಿನ್ನಿನಲ್ಲಿ ಯಾರೂ ಯಾರನ್ನೂ ಬಿಟ್ಟುಹೋಗಿರಲಿಲ್ಲ. ಅಲ್ಲಿದ್ದದ್ದು ಎಡದೆತ್ತು, ಅಷ್ಟೇ. ಎಡಕ್ಕೆ ‘ಲೆಫ್ಟ್’ ಎಂದು ಹಾಕಿ, ಪ್ರಾಸಕ್ಕಾಗಿ ಆ ಪದವನ್ನು ಸಾಲಿನ ತುದಿಗೆ ತಳ್ಳಿದ್ದ. ತುದಿಯಲ್ಲಿ ನಿಂತು ಅದು ‘ಬಿಟ್ಟುಹೋದ ಮೇಲೆ ಉಳಿದದ್ದು’ ಎಂದಾಗಿಬಿಟ್ಟಿತ್ತು.

ಹೇಳದೆ ಇದ್ದುಬಿಡಬಹುದು ಅನ್ನಿಸಿತು. ಆದರೂ ಹೇಳಿದ.

“ದೊರೆ, ಅದು ತಪ್ಪು. ನಾನು ಬರೆದದ್ದು ಎಡಗಡೆಯ ಎತ್ತು.”

ದೊರೆ ಮತ್ತೊಮ್ಮೆ ಓದಿ ಗಟ್ಟಿಯಾಗಿ ನಕ್ಕರು. “ನಮ್ಮೂರಿನ ರೈತರು ಎಡದೆತ್ತಿಗೆ ‘ನಿಯರ್’ ಅನ್ನುತ್ತಾರೆ. ಅದನ್ನು ಹಾಕಿದರೆ ಪ್ರಾಸವೂ ಹೋಯಿತು, ಪದ್ಯವೂ ಹೋಯಿತು. ಹೀಗೇ ಇರಲಿ ಬಿಡು. ಈ ಕಣಿವೆಯಲ್ಲಿ ಮೂಲ ಓದಿದವರು ಯಾರಿದ್ದಾರೆ?”

“ಇಬ್ಬರಿದ್ದೇವೆ, ದೊರೆ.”

“ನಾಳೆಯಿಂದ ನೀನೊಬ್ಬನೇ.”

ಗುರುಸಾಮಿ ಮೇಜಿನ ಮೇಲಿದ್ದ ಲೇಖನಿ ತೆಗೆದುಕೊಂಡು ಆ ಪದ ಹೊಡೆದು, ಮೇಲೆ ‘ನಿಯರ್’ ಎಂದು ಬರೆದ. ಪಕ್ಕದಲ್ಲಿ ಒಂದು ಹನಿ ಮಸಿ ಬಿತ್ತು. ದೊರೆ ಸಾಲನ್ನು ನೋಡಿದರು. “ಸರಿಯಾಗಿದೆ,” ಎಂದು ಕಾಗದವನ್ನು ಅವನ ಕಡೆಗೇ ಸರಿಸಿ, ಪೆಟ್ಟಿಗೆಗಳ ಪಟ್ಟಿ ಕೇಳಿದರು.

ಬೆಳಿಗ್ಗೆ ದೊರೆಯ ಡೋಲಿ ಘಟ್ಟದ ತಿರುವಿನಲ್ಲಿ ಮರೆಯಾಗುವ ತನಕ ಅವನು ರಸ್ತೆಯಲ್ಲೇ ನಿಂತಿದ್ದ. ಕೇಳಿದರೆ ಕೊಡೋಣವೆಂದು ಕಾಗದ ಕೈಯಲ್ಲೇ ಇತ್ತು.

“ದೊರೆ ತಗೊಂಡ್ ಹೋಗಲಿಲ್ವಾ ಮಾಪ್ಳೆ?” ಎಂದ ಮೂಕಯ್ಯ.

“ಒಂದು ಮಾತು ತಪ್ಪಿತ್ತು, ಮಾಮಾ.”

“ಈಗ ಸರಿ ಮಾಡಿದ್ಯಲ್ಲ? ಓದು, ಕೇಳೋಣ.”

ಗುರುಸಾಮಿ ಮೊದಲಿನಿಂದ ಓದಿದ, ನಿಧಾನವಾಗಿ, ಎಲ್ಲೂ ನುಂಗದೆ. ಮೂಕಯ್ಯ ತಲೆಯ ಮುಂಡಾಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ದೊಡ್ಡವರ ಮುಂದೆ ಕೂತಂತೆ ಕೂತು, ಒಂದಕ್ಷರ ತಿಳಿಯದೆ ಪೂರ್ತಿ ಕೇಳಿದ. ದನಿ ನಿಂತ ಮೇಲೂ ಸ್ವಲ್ಪ ಹೊತ್ತು ಕಾದ.

“ಮುಗೀತಾ?”

“ಮುಗೀತು, ಮಾಮಾ.”